ಕೂತ ದೇವಿ, ಮಲಗಿದ ಅರಸ

೧೯೬೨ನೆಯ ಇಸವಿ ಡಿಸೆಂಬರ್ ೧೨, ಬುಧವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಶಿರಸಿ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿಗೆ ಹವಾಲ್ದಾರ ಕೆರಿಯಪ್ಪ ಬೆಂಚು ತೋರಿಸಿದ. ಅವಳು ಕೂರಲಿಲ್ಲ. ಅರವತ್ತು ದಾಟಿದ ಜೀವ, ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ರಸೀದಿ ಚೀಟಿ. ಬನವಾಸಿಯ ಮಗ್ಗುಲಲ್ಲಿರುವ ಕೋಟೆಗದ್ದೆಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದಳು. ಹೆಸರು ಮುರಿಗೆವ್ವ.

“ಏನು ಕಳುವಾಯ್ತು ಅಮ್ಮ?” ಎಂದು ಕೆರಿಯಪ್ಪ ಕೇಳಿದ. ಆ ಕಡೆಯಿಂದ ಬರುವ ಹೆಂಗಸರು ಹೆಚ್ಚಾಗಿ ಕೊಡಪಾನದ ಸುದ್ದಿಯನ್ನೋ ಕೋಳಿಯ ಸುದ್ದಿಯನ್ನೋ ತರುವವರು.

“ನನ್ನ ಹೆಸರು ಕಳುವಾಗೇತ್ರಿ,” ಎಂದಳು ಆಕೆ. “ಹುಡುಕಿ ಕೊಡ್ರಿ.”

ಕೆರಿಯಪ್ಪ ಲೇಖಣಿ ಕೆಳಗಿಟ್ಟ. ಐವತ್ತೆರಡು ವರ್ಷದ ಅವನು ಸಿದ್ದಾಪುರ ತಾಲೂಕಿನ ಮನ್ಮನೆಯವನು. ಮುಂಬಯಿ ಸರಕಾರದ ಕಾಲದಲ್ಲಿ ಪೊಲೀಸ್ ಪಟ್ಟಿ ಕಟ್ಟಿದವನು, ಆರು ವರ್ಷದಿಂದ ಮೈಸೂರು ಸರಕಾರದ ಚಾಕರಿ. ಅವನಿಗೊಂದು ಚಾಳಿಯಿತ್ತು. ಸಾಕ್ಷಿ ಹೇಳಿದವರಿಗೆ, ದಾರಿ ತೋರಿಸಿದವರಿಗೆ, ಕೈ ಮಾಡಿದಲ್ಲಿ ಬಸ್ಸು ನಿಲ್ಲಿಸಿದ ಡ್ರೈವರಿಗೆ, ಹೆಚ್ಚು ಓಡಾಡಿಸದೆ ಸಿಕ್ಕಿಬಿದ್ದ ಕಳ್ಳನಿಗೂ ಕೂಡ ‘ಉಪಕಾರ ಆಯ್ತು’ ಅನ್ನದೆ ಬಿಟ್ಟವನಲ್ಲ. ಬದುಕಿನಲ್ಲಿ ತನಗೆ ದಕ್ಕಿದ್ದೆಲ್ಲ ಯಾರದೋ ಕೈಯಿಂದ ದಕ್ಕಿದ್ದು ಎಂದು ಅವನು ಗಟ್ಟಿಯಾಗಿ ನಂಬಿದ್ದ. ಠಾಣೆಯ ಫೌಜದಾರ ಗೋವಿಂದ ನಾಯಕರು ಕುಮಟೆ ಕಡೆಯ ಚುರುಕು ಮನುಷ್ಯ. ಈ ಚಾಳಿಯನ್ನು ಹಿಡಿದುಕೊಂಡು ಅವನನ್ನು ದಿನಕ್ಕೊಮ್ಮೆಯಾದರೂ ಕಾಡದಿದ್ದರೆ ಅವರಿಗೆ ಉಂಡ ಅನ್ನ ಜೀರ್ಣವಾಗುತ್ತಿರಲಿಲ್ಲ.

ಮುರಿಗೆವ್ವ ನಿಂತುಕೊಂಡೇ ಹೇಳಿದ ಸಂಗತಿ ಇದು. ಚೀನಾದ ಯುದ್ಧ ಹತ್ತಿಕೊಂಡಾಗ ಊರೂರಿನಲ್ಲಿ ರಕ್ಷಣಾ ನಿಧಿಗೆ ಚಿನ್ನ ಕೂಡಿಸುವ ಸಭೆಗಳಾದವು. ಕೋಟೆಗದ್ದೆಯ ಶಾಲೆಯ ಅಂಗಳದಲ್ಲಿ ಡಿಸೆಂಬರ್ ೨, ಭಾನುವಾರ ಸಭೆ ನಡೆಯಿತು. ಯಾರೋ ಉಂಗುರ ಕೊಟ್ಟರು, ಯಾರೋ ಬೆಂಡೋಲೆ ಬಿಚ್ಚಿದರು. ಮುರಿಗೆವ್ವ ಕೊಟ್ಟದ್ದು ತನ್ನ ದೇವರ ಜಗುಲಿಯ ಮೇಲಿದ್ದ ಚಿನ್ನದ ಬಿಲ್ಲೆ. ಒಂದು ಮಗ್ಗುಲಲ್ಲಿ ಪೀಠದ ಮೇಲೆ ಕೂತ ದೇವಿ, ಇನ್ನೊಂದರಲ್ಲಿ ಯಾರೋ ಅರಸನ ಮುಖ, ಅಂಚಿಗೆ ಬೆಸೆದ ಒಂದು ಕೊಂಡಿ. ಅವಳ ಗಂಡ ಶಂಕ್ರಪ್ಪನ ಮುತ್ತಜ್ಜನಿಗೆ ಗದ್ದೆ ಹೂಡುವಾಗ ನೇಗಿಲ ಬಾಯಿಗೆ ಸಿಕ್ಕಿದ್ದಂತೆ. ಅಂದಿನಿಂದ ಆ ಮನೆಯಲ್ಲಿ ಅದು ಲಕ್ಷ್ಮಿ. ಸಭೆಯಲ್ಲಿ ಅವಳಿಗೆ ಹಾರ ಹಾಕಿದರು, ಚಪ್ಪಾಳೆ ತಟ್ಟಿದರು. ಮರುದಿನ ಮುದ್ರೆ ಒತ್ತಿದ ಪೆಟ್ಟಿಗೆ ಶಿರಸಿಯ ಖಜಾನೆಗೆ ಬಂತು. ಎಂಟನೆಯ ತಾರೀಕು ಒರೆಗಲ್ಲಿಗೆ ತಿಕ್ಕಿ ನೋಡಿದರೆ, ಹದಿನೇಳನೆಯ ಪೊಟ್ಟಣದಲ್ಲಿದ್ದ ಮುರಿಗೆವ್ವನ ಬಿಲ್ಲೆ ಶುದ್ಧ ಹಿತ್ತಾಳೆ. ಮೇಲೆ ತೆಳ್ಳಗೆ ಚಿನ್ನದ ಮುಲಾಮು, ಅಂದರೆ ಬರಿಯ ಲೇಪ.

“ದೇಶಕ್ಕ ಹಿತ್ತಾಳಿ ಕೊಟ್ಟು ಕೊರಳಿಗೆ ಹಾರ ಹಾಕಿಸ್ಕೊಂಡಾಕಿ ಅಂತಾರ್ರಿ ನನಗ. ನಾ ನೀರಿಗೆ ಹೋದ್ರ ಬಾವಿಕಟ್ಟಿ ಖಾಲಿ ಆಗತೈತಿ. ಜನವರಿ ಇಪ್ಪತ್ತಾರಕ್ಕ ಕಚೇರಿ ಗ್ವಾಡಿಗೆ ಕೊಟ್ಟವರ ಪಟ್ಟಿ ಹಚ್ಚತಾರಂತ. ಅದರಾಗ ನನ್ನ ಹೆಸರಿನ ಮುಂದ ‘ಖೋಟಾ’ ಅಂತ ಬರೀತಾರಂತ. ಆ ಪಟ್ಟಿ ಹಚ್ಚೂದ್ರೊಳಗ ನನ್ನ ಬಂಗಾರ ಎಲ್ಲಿ ಹೋತು ಹುಡುಕ್ರಿ. ಬಂಗಾರ ನನಗ ಬ್ಯಾಡ. ಅದು ಕೊಟ್ಟಾತು. ನಾ ಕೊಟ್ಟದ್ದು ಬಂಗಾರ ಅನ್ನೂದು ನಾಕು ಮಂದಿಗೆ ಗೊತ್ತಾದ್ರ ಸಾಕು.”

ಫೌಜದಾರರು ಗಲ್ಲ ಕೆರೆದುಕೊಂಡರು. “ಅಮ್ಮ, ತಲೆಮಾರಿನಿಂದ ಅದು ಹಿತ್ತಾಳೆನೇ ಆಗಿದ್ದರೆ? ನಿಮಗೂ ಗೊತ್ತಿಲ್ದೆ?”

“ಹಿತ್ತಾಳಿ ಹುಣಸಿಹಣ್ಣು ಕೇಳತೈತ್ರಿ, ಹಸರುಗಟ್ಟತೈತಿ. ನಲವತ್ತೈದು ವರ್ಷ ಅದನ್ನ ಬರೇ ನೀರಾಗ ತೊಳದೀನಿ. ನನಗ ಗೊತ್ತಿಲ್ಲಂದ್ರ ಮತ್ತ ಯಾರಿಗೆ ಗೊತ್ತಿರಬೇಕು?”

ಫೌಜದಾರರು ಕಾಗದ ಮುಂದಕ್ಕೆಳೆದುಕೊಂಡರು. ಹನ್ನೊಂದು ಗಂಟೆಗೆ ಎಫ್.ಐ.ಆರ್. ದಾಖಲಾಯಿತು: ವಹಿಸಿಕೊಟ್ಟ ಮಾಲಿನ ವಿಷಯದಲ್ಲಿ ನಂಬಿಕೆದ್ರೋಹ, ಕಲಂ ೪೦೯, ಆರೋಪಿ ಅಜ್ಞಾತ.

ಮರುದಿನ, ಡಿಸೆಂಬರ್ ೧೩, ಮಧ್ಯಾಹ್ನ ಮೂರು ಗಂಟೆಗೆ ತಾಲೂಕು ಕಚೇರಿಯಲ್ಲಿ ಇಬ್ಬರು ಪಂಚರ ಸಮಕ್ಷಮ ಹದಿನೇಳನೆಯ ಪೊಟ್ಟಣದ ಪಂಚನಾಮೆ ನಡೆಯಿತು. ಬಿಲ್ಲೆಯನ್ನು ಬಿಳಿ ಕಾಗದದ ಮೇಲಿಟ್ಟು ಮುರಿಗೆವ್ವನಿಗೆ ತೋರಿಸಿದರು. ಅವಳು ಮುಟ್ಟದೆ ಬಗ್ಗಿ ನೋಡಿದಳು. ಕೆರಿಯಪ್ಪ ಕಾಗದದ ಮೇಲೆಯೇ ಅದನ್ನು ಮಗುಚಿದ. ಮತ್ತೆ ನೋಡಿದಳು.

“ಇದು ನಂದಲ್ರಿ.”

“ಹೇಗೆ ಹೇಳ್ತೀರಿ?” ಎಂದರು ಫೌಜದಾರರು. “ದೇವಿ ಉಂಟು, ಅರಸ ಇದ್ದಾನೆ, ಕೊಂಡಿನೂ ಉಂಟು.”

“ಇಬ್ಬರೂ ಎದ್ದು ಕೂತಾರಲ್ರಿ!”

ಯಾರಿಗೂ ತಿಳಿಯಲಿಲ್ಲ. ಮುರಿಗೆವ್ವ ಅಂಗೈ ಮುಂದೆ ಹಿಡಿದು, ಮಗುಚಿ, ಹೇಳಿಕೊಟ್ಟಳು. “ನಮ್ಮ ಬಿಲ್ಲ್ಯಾಗ ದೇವಿ ನೆಟ್ಟಗ ಕೂತ್ರ ಹಿಂದ ಅರಸ ಅಡ್ಡ ಮಲಗಿರತಿದ್ದ, ಮಾರಿ ಮ್ಯಾಲ ಮಾಡಿ. ನಮ್ಮ ಅತ್ತಿ ಅದನ್ನ ನೋಡಿ ನಗತಿದ್ರು. ಹಾಡಹಗಲ ಮಲಗ್ಯಾನ ನೋಡು, ಮನಿ ನಡಸೂದು ಯಾರು ಅಂತ ತಿಳೀತಲ್ಲ ನಿನಗ, ಅಂತಿದ್ರು.”

ಪಂಚರು ನಕ್ಕರು, ಕಚೇರಿಯ ಶಿರಸ್ತೇದಾರರೂ ನಕ್ಕರು. ಕೆರಿಯಪ್ಪ ನಗಲಿಲ್ಲ. ಪೊಟ್ಟಣದ ದಾರವನ್ನೇ ಕೊಂಡಿಗೆ ಪೋಣಿಸಿ, ಬಿಲ್ಲೆಯನ್ನು ತೂಗಬಿಟ್ಟು ಮೆಲ್ಲನೆ ತಿರುಗಿಸಿದ. ದೇವಿ ನೆಟ್ಟಗೆ ಬಂದಳು, ಅರಸ ನೆಟ್ಟಗೆ ಬಂದ, ಮತ್ತೆ ದೇವಿ, ಮತ್ತೆ ಅರಸ. ಅವನ ಕಿವಿ ನಿಮಿರಿತು.

“ಸಾಹೇಬ್ರೆ, ಅಮ್ಮ ಸುಳ್ಳು ಹೇಳುದಾದ್ರೆ ತೂಕ ಬೇರೆ ಇತ್ತು ಅಂತಿದ್ರು, ಬಣ್ಣ ಬೇರೆ ಇತ್ತು ಅಂತಿದ್ರು. ಅರಸ ಮಲಗಿದ್ದ ಅಂತ ಯಾರಾದ್ರೂ ಸುಳ್ಳು ಕಟ್ಟುತಾರಾ? ಇದನ್ನ ಮಾಡಿದವ ಎರಡು ಮುಖನೂ ಬೇರೆ ಬೇರೆ ಕಂಡಿದ್ದಾನೆ. ಬಿಲ್ಲೆ ಅವನ ಕೈಗೆ ಬಂದಿಲ್ಲ.”

ಫೌಜದಾರರು ದಾರವನ್ನು ತಾವೇ ಹಿಡಿದು ಒಂದು ಸಲ ತಿರುಗಿಸಿದರು. ಆಮೇಲೆ ‘ಎರಡೂ ಮುಖಗಳು ನೆಟ್ಟಗಿರುತ್ತವೆ’ ಎಂಬ ಸಾಲನ್ನು ಪಂಚನಾಮೆಗೆ ಸೇರಿಸಲು ಹೇಳಿದರು. ಕೆರಿಯಪ್ಪ ಮುರಿಗೆವ್ವನಿಗೆ ಉಪಕಾರ ಆಯ್ತು ಎಂದ. ಅವಳಿಗೆ ಅದು ಯಾಕೆಂದು ಗೊತ್ತಾಗಲಿಲ್ಲ.

ಅಷ್ಟು ಹೊತ್ತಿಗೆ ಪೆಟ್ಟಿಗೆ ಹೊತ್ತು ತಂದಿದ್ದ ಖಜಾನೆಯ ಜವಾನನನ್ನು ಫೌಜದಾರರು ಠಾಣೆಯ ಬೆಂಚಿನ ಮೇಲೆ ಕೂರಿಸಿ ಅರ್ಧ ದಿನವಾಗಿತ್ತು. ಕೆರಿಯಪ್ಪ ಲೆಕ್ಕ ಬಿಡಿಸಿ ಹೇಳಿದ: ಪೆಟ್ಟಿಗೆಯ ಮುದ್ರೆ ಒಡೆದಿರಲಿಲ್ಲ, ಆದ್ದರಿಂದ ಅದಲುಬದಲು ನಡೆದದ್ದು ಮುದ್ರೆ ಬೀಳುವ ಮೊದಲೇ, ಸಭೆಯಲ್ಲೇ. ಎರಕ ಹೊಯ್ದು ಮುಲಾಮು ಕೊಡಲು ದಿನಗಳು ಬೇಕು, ಆದ್ದರಿಂದ ಖೋಟಾ ಬಿಲ್ಲೆ ಸಭೆಗೆ ಮೊದಲೇ ತಯಾರಿತ್ತು. ಮುರಿಗೆವ್ವ ಬಿಲ್ಲೆ ಕೊಡುತ್ತೇನೆಂದು ಹದಿನೈದು ದಿನ ಮುಂಚೆಯೇ ಊರಿಗೆಲ್ಲ ಹೇಳಿದ್ದಳು. ಊರವರಿಗೆ ಗೊತ್ತಿದ್ದದ್ದು ಶಿರಸಿಯ ಜವಾನನಿಗೆ ಗೊತ್ತಾಗುವ ಹಾಗಿಲ್ಲ. ಜವಾನನನ್ನು ಮನೆಗೆ ಕಳಿಸಿದರು. ಹೋಗುವಾಗ ಅವನು ಕೆರಿಯಪ್ಪನ ಕಾಲಿಗೆ ಬೀಳಲು ಬಂದ. ಕೆರಿಯಪ್ಪ ಹಿಂದೆ ಸರಿದು, ಸುಮ್ಮನೆ ಕೂತು ಸಹಕರಿಸಿದ್ದಕ್ಕೆ ಅವನಿಗೇ ಉಪಕಾರ ಹೇಳಿದ. ಫೌಜದಾರರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು.

ಡಿಸೆಂಬರ್ ೧೪ರಂದು ಖಜಾನೆಗೆ ಒರೆ ಹಚ್ಚಿ ಕೊಟ್ಟಿದ್ದ ಶೇಟರ ಅಂಗಡಿಗೆ ಕೆರಿಯಪ್ಪ ಬಿಲ್ಲೆಯನ್ನು ಒಯ್ದ. ಶೇಟರು ಕಣ್ಣಿಗೆ ದುರ್ಬೀನು ಗಾಜು ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಗಲು ಶುರುಮಾಡಿದರು.

“ಹವಾಲ್ದಾರ್ರೆ, ನಿಮ್ಮ ದೇವಿ ಮೂಗುತಿ ಇಟ್ಕೊಂಡಿದ್ದಾಳೆ ನೋಡಿ.”

ಗಾಜಿನಲ್ಲಿ ಕೆರಿಯಪ್ಪನಿಗೂ ಕಂಡಿತು. ದೇವಿಯ ಮುಖದ ಮೇಲೆ ಸೂಜಿಮೊನೆಯಷ್ಟು ಒಂದು ಚುಕ್ಕೆ. ಎರಕದಲ್ಲಿ ಬಂದದ್ದಲ್ಲ, ಆಮೇಲೆ ಕೈಯಿಂದ ಕೂರಿಸಿದ್ದು.

“ಇದು ಆಭರಣ ಮಾಡುವವರ ಕೈ ಅಲ್ಲ,” ಎಂದರು ಶೇಟರು. “ದೇವರ ಮುಖವಾಡ ಎರಕ ಹೊಯ್ಯುವವರ ಕೈ. ಈ ಮೂರು ತಾಲೂಕಿನಲ್ಲಿ ಇಷ್ಟು ಸಣ್ಣ ಮುಖಕ್ಕೆ ಮೂಗುತಿ ಕೂರಿಸುವವನು ಯಲ್ಲಾಪುರದ ನಾಗಪ್ಪ ಪತ್ತಾರ ಒಬ್ಬನೇ. ಕಣ್ಣು ಇನ್ನೂ ಅಷ್ಟು ಚೊಕ್ಕ ಇದೆ ಅವನದು.”

ಸೋಮವಾರ, ಡಿಸೆಂಬರ್ ೧೭, ಕೆರಿಯಪ್ಪ ಯಲ್ಲಾಪುರಕ್ಕೆ ಹೋದ. ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಹಿಂದಿನ ಲಾರಿಯವನು ಹತ್ತಿಸಿಕೊಂಡ. ಹನ್ನೆರಡೂವರೆಗೆ ನಾಗಪ್ಪನ ಕುಲುಮೆಯ ಮುಂದೆ ಇಳಿದಾಗ ಕೆರಿಯಪ್ಪನ ಟೋಪಿಯ ಮೇಲೆ ಎರಡು ಬೆರಳು ಕೆಂಧೂಳಿತ್ತು. ನಾಗಪ್ಪ ಸಣಕಲು ಮುದುಕ. ಬಿಲ್ಲೆಯನ್ನು ಕಂಡಕೂಡಲೇ ಮುಖವರಳಿಸಿದ.

“ಹೌದ್ರೀ, ನಾನ ಮಾಡಿದ್ದು. ಕೆಲಸ ಚಲೋ ಆಗೈತಲ್ರಿ?”

ತಪ್ಪು ಮಾಡಿದವನ ಮುಖ ಹೀಗಿರುವುದಿಲ್ಲ ಎಂದು ಕೆರಿಯಪ್ಪನಿಗೆ ಅನ್ನಿಸಿತು. ಅವನ ಮನಸ್ಸು ಹಗುರಾಯಿತು.

“ಮೂಗುತಿ ಯಾಕೆ ಇಟ್ಟೆ?”

“ಆಯಮ್ಮನ ಮೂಗು ಬೋಳಿತ್ರಿ. ಮೂಗುತಿ ಇಲ್ಲದ ದೇವಿನ್ನ ಕೈಯಿಂದ ಕೆಳಗ ಹ್ಯಾಂಗ ಇಡ್ಲಿ? ನಮ್ಮಪ್ಪ ಹಂಗ ಕಲಿಸಿಲ್ಲ.”

“ಅರಸನ್ನ ನೆಟ್ಟಗೆ ನಿಲ್ಲಿಸಿದ್ದು?”

“ಅಚ್ಚು ಎರಡೂ ಬ್ಯಾರೆ ಬ್ಯಾರೆ ಬಂದಿದ್ವು. ಒಂದರ ಬೆನ್ನಿಗೆ ಒಂದು ಹ್ಯಾಂಗ ಇದ್ವು ಅಂತ ಕಂಡವರು ಯಾರು? ಅರಸನ್ನ ಮಲಗಿಸಿ ಕೊಟ್ರ ಮಾಡಿಸಿದವರು ಸುಮ್ನಿರತಾರೇನ್ರಿ?”

“ಯಾರು ತಂದಿದ್ದು?”

“ಹೆಸರು ಕೇಳ್ಲಿಲ್ರಿ. ನವೆಂಬರ್ ಇಪ್ಪತ್ನಾಕಕ್ಕ ಬಂದ, ಮೂವತ್ತಕ್ಕ ಒಯ್ದ. ಸಾಲ್ಯಾಗ ನಾಟಕ ಐತಿ, ಅರಸ ಕೊಡೋ ಹೊನ್ನು ಬೇಕು ಅಂದ. ದೇವಿ ಮಗ್ಗಲ ಸವದಂಗ ಇರಲಿ ಅಂತನೂ ಅಂದ.”

“ಮುಖ ಹೇಗಿತ್ತು?”

“ನಾ ಮಾರಿ ನೋಡಾವಲ್ರಿ, ಕೈ ನೋಡಾವ. ಬಲಗೈ ಬೆರಳ ಸಂದ್ಯಾಗ ಬೆಳ್ಳಗ ಹಿಟ್ಟು ಕೂತಿತ್ತು. ಉಗುರಿನಾಗೂ ಇತ್ತು.”

ಸೀಮೆಸುಣ್ಣ, ಎಂದುಕೊಂಡ ಕೆರಿಯಪ್ಪ. ಸಭೆಯ ದಿನ ಮೇಜಿನ ಹಿಂದೆ ಕೂತು ಒಂದೊಂದೇ ಒಡವೆ ತೆಗೆದುಕೊಂಡು, ಪಟ್ಟಿಯಲ್ಲಿ ಬರೆದು, ಪೊಟ್ಟಣ ಕಟ್ಟಿದವರು ಕೋಟೆಗದ್ದೆಯ ಶಾಲೆಯ ಮಧುಕೇಶ್ವರ ಮಾಸ್ತರರು. ಊರಿನಲ್ಲಿ ಆ ಮನುಷ್ಯನ ಬಗ್ಗೆ ಕೆಟ್ಟ ಮಾತಾಡಿದವರು ಇನ್ನೂ ಅವನಿಗೆ ಸಿಕ್ಕಿರಲಿಲ್ಲ.

ನಾಗಪ್ಪ ಗೂಡಿನಿಂದ ಎರಡು ಅಚ್ಚುಗಳನ್ನು ತೆಗೆದು ಕೊಟ್ಟ. ಟಪಾಲು ಚೀಲಕ್ಕೆ ಮುದ್ರೆ ಹಾಕುವ ಕೆಂಪು ಅರಗು, ವಯಸ್ಸಾಗಿ ಬಿರುಕು ಬಿಟ್ಟಿತ್ತು. ಒಂದರಲ್ಲಿ ದೇವಿ, ಒಂದರಲ್ಲಿ ಅರಸ. ಅರಗಿನ ಬೆನ್ನಿಗೆ ಹಳೆಯ ಲಕೋಟೆಯ ತುಂಡು ಅಂಟಿಕೊಂಡಿತ್ತು. ಅದರ ಮೇಲೆ ಅರ್ಧ ಅಳಿಸಿದ ಬನ‌ವಾಸಿ ಟಪಾಲು ಕಚೇರಿಯ ಠಸ್ಸೆ, ಇಸವಿ ಮಾತ್ರ ಸ್ಪಷ್ಟ: ೧೯೩೮. ಅಂದರೆ ಈ ಅಚ್ಚು ಒತ್ತಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಕದಿಯಲೆಂದು ಇಪ್ಪತ್ತನಾಲ್ಕು ವರ್ಷ ಮೊದಲೇ ಅಚ್ಚು ತೆಗೆದಿಟ್ಟುಕೊಳ್ಳುವ ಕಳ್ಳ ಎಲ್ಲಿರುತ್ತಾನೆ?

“ಉಪಕಾರ ಆಯ್ತು ನಾಗಪ್ಪ,” ಎಂದ ಕೆರಿಯಪ್ಪ. ನಾಗಪ್ಪ ತನ್ನ ಹೇಳಿಕೆ ಬರೆದುಕೊಂಡ ಜಬಾನಿಗೆ ಸಹಿ ಮಾಡಿ, ಮೂಗುತಿಯ ವಿಷಯ ಅದರಲ್ಲಿ ಬಂದಿದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಂಡ.

ಡಿಸೆಂಬರ್ ೧೮, ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಕೆರಿಯಪ್ಪ ಕೋಟೆಗದ್ದೆಯಲ್ಲಿ ಮುರಿಗೆವ್ವನ ಪಡಸಾಲೆಯಲ್ಲಿ ಕೂತಿದ್ದ. ಅವಳು ಮಜ್ಜಿಗೆ ತಂದುಕೊಟ್ಟಳು. ಗಂಡ ತೀರಿಹೋಗಿ ಎಂಟು ವರ್ಷ, ಹೆಣ್ಣುಮಕ್ಕಳಿಬ್ಬರೂ ಹಾವೇರಿ ಕಡೆ ಕೊಟ್ಟವರು. ಮನೆಯಲ್ಲಿ ಅವಳೊಬ್ಬಳೇ. ಜಗುಲಿಯ ಮೇಲೆ ಬಿಲ್ಲೆ ಇದ್ದ ಜಾಗದಲ್ಲಿ ಅವಳು ಏನನ್ನೂ ಇಟ್ಟಿರಲಿಲ್ಲ. ಕೆರಿಯಪ್ಪ ಅರಗಿನ ಅಚ್ಚುಗಳನ್ನು ಮುಂದಿಟ್ಟ.

“ಎವ್ವಾ! ಇದು ನಮ್ಮ ದೇವಿನ!” ಮುರಿಗೆವ್ವ ಎರಡೂ ಕೈಯಲ್ಲಿ ಎತ್ತಿಕೊಂಡಳು. “ಇಲ್ಲಿ ನೋಡ್ರಿ, ಮೊಣಕಾಲ ಹತ್ರ ಸವದದ್ದು. ಎಲ್ಲಿ ಸಿಕ್ತು?”

“ಇದರ ಬೆನ್ನ ಮೇಲೆ ೧೯೩೮ರ ಟಪಾಲು ಠಸ್ಸೆ ಉಂಟು ಅಮ್ಮ. ಆ ಕಾಲದಲ್ಲಿ ನಿಮ್ಮ ಬಿಲ್ಲೆ ಜಗುಲಿ ಬಿಟ್ಟು ಯಾರ ಕೈಗಾದ್ರೂ ಹೋಗಿತ್ತಾ?”

“ಜಗುಲಿ ಮ್ಯಾಲಿನ ದೇವರನ್ನ ಯಾರ ಕೈಗೂ ಕೊಡೂದಿಲ್ರಿ ನಾವು. ಒಂದ...” ಎಂದವಳು ಅಲ್ಲಿಗೇ ನಿಂತಳು. ಅಚ್ಚನ್ನು ಮಗುಚಿ ಅರಗಿನ ಬಣ್ಣ ನೋಡಿದಳು. ಅವಳ ಮುಖದ ನಗು ಒಂದೇ ಸಲಕ್ಕೆ ಇಳಿದುಹೋಯಿತು.

ಹಿತ್ತಲಲ್ಲಿ ಎಮ್ಮೆ ಕೂಗಿತು, ಅವಳು ಏಳಲಿಲ್ಲ.

“ನಾ ಹೇಳದಿದ್ರ ಏನಾಗತೈತ್ರಿ?”

“ಪಟ್ಟಿ ಹಾಗೇ ಹಚ್ಚುತಾರೆ ಅಮ್ಮ.”

“ಹೇಳಿದ್ರ?”

ಕೆರಿಯಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟ. ಮುರಿಗೆವ್ವ ಎದ್ದು ಒಳಗೆ ಹೋದಳು. ನೀರು ಸುರಿದುಕೊಂಡ ಸದ್ದು ಕೇಳಿಸಿತು. ಬಂದು ಎದುರಿಗೆ ಕೂತಾಗ ಮುಖ ತೊಳೆದು ಹೊಸದಾಗಿ ವಿಭೂತಿ ಹಚ್ಚಿಕೊಂಡಿದ್ದಳು.

“ಬರಕೊಳ್ರಿ. ಟಪಾಲು ಹೊರತಿದ್ದ ಒಬ್ಬಾವ ನಮ್ಮ ಓಣ್ಯಾಗಿದ್ದ. ಆ ವರ್ಷ ಅವನ ಹೇಣ್ತಿ ಚಳಿಜ್ವರದಾಗ ಹೋದ್ಲು. ಹತ್ತು ವರ್ಷದ ಮಗ. ತಂದಿ ಟಪಾಲು ಹೊತಗೊಂಡು ತಿರಗಾವ, ಹುಡುಗ ನಮ್ಮ ಮನ್ಯಾಗ ಉಣ್ಣಾಂವ, ನಮ್ಮ ಮನ್ಯಾಗ ಮಲಗಾಂವ. ಅವ್ವ ಬೇಕು ಅಂತ ಒಂದ ಸವನ ಅಳಾಂವ. ಏನು ಕೊಟ್ರೂ ಸುಮ್ನಾಗ್ತಿರಲಿಲ್ಲ. ಒಂದಿನ ನಾ ಈ ಬಿಲ್ಲಿ ತಗದು ಅವನ ಕೈಯಾಗಿಟ್ಟು, ಇಕಿನ ಎಲ್ಲಾರ ತಾಯಿ ಅದಾಳ, ಹಿಡಕೊಂಡು ಮಲಗು ಅಂದೆ. ಸುಮ್ನಾದ. ಬ್ಯಾಸಗಿ ಮುಗಿಯೂ ತನಕ ಅದು ಅವನ ಮುಷ್ಟ್ಯಾಗ ಇತ್ತು. ತಿರಗಿ ಜಗುಲಿಗೆ ಇಡೂ ಮುಂದ ಅಪ್ಪನ ಚೀಲದ ಅರಗಿನಾಗ ಒತ್ತಕೊಂಡಿದ್ದ ಕಾಣತೈತಿ. ನನಗ ಗೊತ್ತಿದ್ದಿಲ್ಲ.”

“ಹೆಸರು?”

“ನಿಮಗ ಗೊತ್ತೈತಿ, ನನ್ನ ಬಾಯಿಂದ ಕೇಳತೀರಿ,” ಎಂದಳು ಮುರಿಗೆವ್ವ. “ಮಧುಕೇಶ್ವರ.”

ಜಬಾನಿಯ ಕೆಳಗೆ ಅವಳು ಹೆಬ್ಬೆಟ್ಟು ಒತ್ತಿದಳು. ಕೆರಿಯಪ್ಪನಿಗೆ ಮೂವತ್ತು ವರ್ಷದ ಚಾಕರಿಯಲ್ಲಿ ಮೊದಲ ಸಲ ಉಪಕಾರ ಆಯ್ತು ಎಂಬ ಮಾತು ಸಾಲದೆನಿಸಿತು. ತನ್ನ ಹೆಸರಿಗಾಗಿ ಬಂದ ಹೆಂಗಸು ಅವಳು. ಈಗ ಹೇಳಿದ್ದು ಹೆಸರಿಗಾಗಿ ಅಲ್ಲ, ಕೇಳಿದ ಮಾತಿಗೆ ಸುಳ್ಳು ಹೇಳಿ ಅವಳಿಗೆ ಗೊತ್ತಿಲ್ಲದ್ದರಿಂದ. ಅಂಥವರ ಜಬಾನಿ ಬರೆದುಕೊಳ್ಳುವ ಭಾಗ್ಯ ತನಗೆ ಸಿಕ್ಕಿತಲ್ಲ ಎಂದು ಅವನ ಕಣ್ಣು ತುಂಬಿತು. ಮಜ್ಜಿಗೆಯ ಲೋಟವನ್ನು ತಾನೇ ತೊಳೆದಿಟ್ಟು ಹೊರಟ.

ಡಿಸೆಂಬರ್ ೧೯, ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ ಫೌಜದಾರರು, ಕೆರಿಯಪ್ಪ ಮತ್ತು ಇಬ್ಬರು ಪಂಚರು ಶಾಲೆಗೆ ಹೋದರು. ಮಧುಕೇಶ್ವರ ಮಾಸ್ತರರಿಗೆ ಮೂವತ್ತನಾಲ್ಕು ವರ್ಷ. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ. ಮಕ್ಕಳನ್ನು ಆಟಕ್ಕೆ ಬಿಟ್ಟರು. ಫೌಜದಾರರು ಅರಗಿನ ಅಚ್ಚುಗಳನ್ನು ಮೇಜಿನ ಮೇಲಿಟ್ಟರು. ಮಾಸ್ತರರು ಅವನ್ನು ನೋಡಿ ಒಂದು ದೊಡ್ಡ ಉಸಿರು ಬಿಟ್ಟರು.

“ನೀವು ಬಂದದ್ದು ಬಹಳ ಉಪಕಾರ ಆತ್ರಿ,” ಎಂದರು. ಫೌಜದಾರರು ಕೆರಿಯಪ್ಪನ ಕಡೆ ನೋಡಿದರು. ಈ ಸಲ ಕಾಡಲಿಕ್ಕಲ್ಲ.

ಮೇಜಿನ ಖಾನೆಯಿಂದ ಸೀಮೆಸುಣ್ಣದ ಪೆಟ್ಟಿಗೆ ಹೊರಗೆ ಬಂತು. ಅದರಲ್ಲಿ ಹತ್ತಿ, ಹತ್ತಿಯೊಳಗೆ ಬಿಲ್ಲೆ. ಇಪ್ಪತ್ತೆರಡು ಕ್ಯಾರೆಟ್ಟೋ ಇಪ್ಪತ್ನಾಲ್ಕೋ ಕೆರಿಯಪ್ಪನಿಗೆ ಗೊತ್ತಿರಲಿಲ್ಲ, ಆದರೆ ಬಿಸಿಲು ಬಿದ್ದಾಗ ಆ ಹಳದಿಯ ಮುಂದೆ ಹಿತ್ತಾಳೆಯದನ್ನು ನೆನೆದು ಅವನಿಗೆ ನಾಚಿಕೆಯಾಯಿತು. ಕೊಂಡಿ ಹಿಡಿದು ಮಗುಚಿದ. ದೇವಿ ನೆಟ್ಟಗೆ ಕೂತಳು, ಅರಸ ಮುಖ ಮೇಲೆ ಮಾಡಿ ಮಲಗಿದ. ಪಂಚರು ಒಬ್ಬರನ್ನೊಬ್ಬರು ನೋಡಿಕೊಂಡರು.

“ಇದು ಏನು?” ಫೌಜದಾರರು ಕೇಳಿದರು.

“ರೋಮ್ ಸಾಮ್ರಾಜ್ಯದ ಬಂಗಾರದ ನಾಣ್ಯ ಸರ್. ಒಂದು ಸಾವಿರದ ಒಂಬೈನೂರು ವರ್ಷದ ಮ್ಯಾಲಿಂದು.”

“ಹೇಗೆ ಹೇಳ್ತೀರಿ?”

ಮಾಸ್ತರರು ಎದ್ದು ಹಲಗೆಯ ಹತ್ತಿರ ಹೋದರು. ದೊಡ್ಡ ಸುತ್ತು ಎಳೆದು, ಅಂಚಿನಗುಂಟ ಒಂದೊಂದೇ ಅಕ್ಷರ ಬರೆದರು. ಪಾಠ ಹೇಳುವ ದನಿ ತಾನಾಗಿಯೇ ಬಂತು.

“ಧಾರವಾಡದಾಗ ಟ್ರೇನಿಂಗಿಗೆ ಇದ್ದಾಗ ಒಂದು ಪುಸ್ತಕದಾಗ ಇಂಥದ ಚಿತ್ರ ನೋಡಿದ್ದೆ. ನನ್ನ ಕಡೆ ಅರಗಿನ ಅಚ್ಚು ಇತ್ತಲ್ಲ, ಅದರ ಜೋಡಿ ಹೋಲಿಸಿ ಓದಿದೆ. ಅಕ್ಷರ ಸಾಲಾಗಿ ಇಲ್ಲ, ಸುತ್ತಲೂ ಓಡತಾವ. ನಡುವ ಜಾಗ ಬಿಡೂದಿಲ್ಲ, ಅರ್ಧಂಬರ್ಧ ಶಬ್ದ ಬರೀತಾರ. ಬಿಡಿಸಿದ್ರ ‘ಟೈಬೀರಿಯಸ್ ಸೀಸರ್, ದೇವರಾದ ಆಗಸ್ಟಸನ ಮಗ’ ಅಂತ ಆಗತೈತಿ. ತಲಿ ಮ್ಯಾಲ ನೋಡ್ರಿ, ಕಿರೀಟ ಅಲ್ಲ, ಎಲಿ ಹೆಣೆದ ದಂಡಿ. ಹೆಡಕಿನ ಹಿಂದ ಅದರ ಲಾಡಿ ಇಳಿಬಿದ್ದಾವ. ಹಿಂದಿನ ಮಗ್ಗಲ ‘ದೊಡ್ಡ ಪೂಜಾರಿ’ ಅಂತ ಅವನ ಬಿರುದು. ಎರಡು ಉಕ್ಕಿನ ಅಚ್ಚಿನ ನಡುವ ಬಂಗಾರ ಇಟ್ಟು ಸುತ್ತಿಗಿಲೆ ಹೊಡೀತಿದ್ರು. ಮ್ಯಾಲಿನ ಅಚ್ಚು ಹ್ಯಾಂಗ ಕೂತರೂ ನಡೀತಿತ್ತು. ಅದಕ್ಕ ಅರಸ ಮಲಗ್ಯಾನ.”

“ಇಲ್ಲಿಗೆ ಹ್ಯಾಗೆ ಬಂತು?”

“ಕಾಳುಮೆಣಸಿಗೆ ಸರ್. ಅವರು ಹಡಗ ತುಂಬ ಬಂಗಾರ ಸುರದು ನಮ್ಮ ಮೆಣಸು ಒಯ್ತಿದ್ರು. ಒಂದು ಬಿಲ್ಲಿ ಹ್ಯಾಂಗೋ ಘಟ್ಟ ಹತ್ತಿ ಬನವಾಸಿ ಮಟ ಬಂದೈತಿ.”

“ಹಾಗಾದ್ರೆ ದೇವಿ?” ಎಂದು ಕೆರಿಯಪ್ಪ ಬಾಯಿ ಹಾಕಿದ. ಮುರಿಗೆವ್ವನ ಲಕ್ಷ್ಮಿ ಏನಾದಳೆಂದು ಅವನಿಗೆ ಚಿಂತೆ ಹತ್ತಿತ್ತು.

“ದೇವಿ ಅಂತನ ಕೆತ್ತಿದ್ದು. ಒಂದು ಕೈಯಾಗ ಉದ್ದ ಕೋಲು, ಒಂದು ಕೈಯಾಗ ಟೊಂಗಿ. ಆದ್ರ ಆ ರೂಪದಾಗ ಕೂತಾಕಿ ಅರಸನ ತಾಯಿ ಅಂತ ತಿಳಿದವರು ಹೇಳತಾರ.” ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟರು. “ಅದನ್ನ ಓದಿದ ದಿನ ನಾ ಹಾಸ್ಟೆಲ್ಲಿನಾಗ ಒಬ್ಬನ ಕೂತು ಅತ್ತೀನಿ. ತಾಯಿ ಅಂತ ಮುರಿಗೆವ್ವ ನನಗ ಹೇಳಿದ್ದು ಖರೇನ ಇತ್ತು.”

ಫೌಜದಾರರು ನಾಣ್ಯವನ್ನು ಪಂಚರ ಮುಂದೆ ಸರಿಸಿದರು. ಆಮೇಲೆ ದನಿ ಗಟ್ಟಿ ಮಾಡಿಕೊಂಡರು. “ಯಾಕೆ ಕದ್ದಿರಿ?”

“ನಿಧಿ ಕೂಡಸೂ ಊರ ಕಮಿಟಿ ಅಧ್ಯಕ್ಷರಿಗೆ ಹೇಳಿದೆ, ಇದನ್ನ ಕರಗಸೂದು ಬ್ಯಾಡ್ರಿ, ಪುರಾತನದ್ದೈತಿ, ಮ್ಯಾಲಿನವರಿಗೆ ಒಂದು ಪತ್ರ ಬರಿಯೂಣು ಅಂತ. ಬಂಗಾರ ಅಂದ್ರ ಬಂಗಾರ ಮಾಸ್ತರ್ರ, ನಿಮ್ಮ ಪಾಠ ಸಾಲ್ಯಾಗ ಹೇಳ್ರಿ ಅಂದ್ರು. ಆ ದೇವಿ ಮೂಸಿಯೊಳಗ ಕರಗೂದು ನನ್ನ ಕಣ್ಣ ಮುಂದ ಬಂತು. ಮೇಜಿನ ಮ್ಯಾಲ ಎವ್ವ ತನ್ನ ಕೈಯಾರೆ ಇಟ್ಲು. ಪೊಟ್ಟಣ ಕಟ್ಟೂ ಮುಂದ ಬದಲ ಮಾಡಿದೆ. ಯುದ್ಧದ ಗದ್ದಲ ಆರಿದ ಮ್ಯಾಲ ಅಕಿ ಜಗುಲಿಗೆ ಇಟ್ಟು ಬರಬೇಕು ಅಂತಿದ್ದೆ. ಒರೆ ಹಚ್ಚಿ ನೋಡತಾರ ಅನ್ನೂದು ನನ್ನ ತಲಿಗೆ ಹೊಳೀಲಿಲ್ಲ.”

“ಆಕೆಯ ಹೆಸರು ಬೀದಿಗೆ ಬಿದ್ದಾಗ?”

ಅಂಗಳದಲ್ಲಿ ಮಕ್ಕಳು ಕೂಗುತ್ತಿದ್ದರು. ಮಾಸ್ತರರ ಕನ್ನಡಕದ ಕೆಳಗಿಂದ ನೀರು ಇಳಿಯಿತು. “ಮೂರು ಸಲ ಅಕಿ ಬಾಗಿಲ ಮಟ ಹೋಗಿ ತಿರಗಿ ಬಂದೀನಿ ಸರ್. ಬಾಯಿ ಬರಲಿಲ್ಲ. ನೌಕರಿ ಹೋಗತೈತಿ ಅಂತ ಹೆದರಿದೆ. ಅನ್ನ ಕೊಟ್ಟಾಕಿ ಮಾರಿಗೆ ಮಸಿ ಬಳದು ಒಳಗ ಕೂತೆ. ಇದರ ಮುಂದ ಕಳವು ಏನೂ ಅಲ್ಲ.”

ಹನ್ನೆರಡು ಗಂಟೆ ಹದಿನೈದು ನಿಮಿಷಕ್ಕೆ ಬಿಲ್ಲೆಯ ಜಪ್ತಿ ಪಂಚನಾಮೆ ಮುಗಿಸಿ ಮಧುಕೇಶ್ವರನನ್ನು ಬಂಧಿಸಿದರು. ಮಕ್ಕಳು ನೋಡುತ್ತಿದ್ದಾರೆಂದು ಫೌಜದಾರರು ಬೇಡಿ ಹಾಕಿಸಲಿಲ್ಲ. ಸ್ಟೇಶನ್ ಡೈರಿಯಲ್ಲಿ ಕಾರಣದ ಮುಂದೆ ಕೆರಿಯಪ್ಪ ಬರೆದದ್ದು ಇಷ್ಟೇ: ‘ಆರೋಪಿಯು ಲಾಭಕ್ಕಾಗಿ ಕೃತ್ಯವೆಸಗಿದಂತೆ ಕಂಡುಬರುವುದಿಲ್ಲ. ಬಾಲ್ಯದಲ್ಲಿ ತನ್ನನ್ನು ಸಮಾಧಾನ ಮಾಡಿದ ವಸ್ತು ಕರಗಬಾರದೆಂಬ ಭಾವನೆಯಿಂದ ಮಾಡಿರುತ್ತಾನೆ. ಆಮೇಲೆ ಹೆದರಿ ಸುಮ್ಮನಿದ್ದಾನೆ.’ ಫೌಜದಾರರು ಓದಿ, ಒಂದು ಅಕ್ಷರವನ್ನೂ ಹೊಡೆದುಹಾಕದೆ ಸಹಿ ಮಾಡಿದರು.

ಮುಂದೆ ಜನವರಿಯಲ್ಲಿ ಧಾರವಾಡದ ಪಂಡಿತರೊಬ್ಬರಿಂದ ಪತ್ರ ಬಂತು. ಮಾಸ್ತರರು ಹಲಗೆಯ ಮೇಲೆ ಬರೆದದ್ದೆಲ್ಲ ಸರಿಯಿತ್ತು. ನಾಣ್ಯ ಕರಗಿಸತಕ್ಕದ್ದಲ್ಲ, ವಸ್ತುಸಂಗ್ರಹಾಲಯದಲ್ಲಿಡತಕ್ಕದ್ದು, ಕೊಟ್ಟವರ ಹೆಸರನ್ನು ಕೆಳಗೆ ಬರೆಯತಕ್ಕದ್ದು ಎಂದಿತ್ತು. ಇಪ್ಪತ್ತಾರನೆಯ ತಾರೀಕಿನ ಪಟ್ಟಿಯಲ್ಲಿ ಹದಿನೇಳನೆಯ ಸಾಲು ‘ಮುರಿಗೆವ್ವ ಕೋಂ ಶಂಕ್ರಪ್ಪ, ಚಿನ್ನದ ನಾಣ್ಯ ಒಂದು’ ಎಂದು ದಪ್ಪಕ್ಷರದಲ್ಲಿ ಬಂತು. ಕೋಟೆಗದ್ದೆಯ ಹೆಂಗಸರು ಅದನ್ನು ನೋಡಲೆಂದೇ ಬಸ್ಸು ಹತ್ತಿ ಬಂದರು.

ಆದರೆ ಕೆರಿಯಪ್ಪ ಈ ಪ್ರಕರಣವನ್ನು ನೆನೆಯುವಾಗ ಅವನ ಕಣ್ಣ ಮುಂದೆ ಬರುತ್ತಿದ್ದದ್ದು ಆ ಪಟ್ಟಿಯಲ್ಲ, ಬಂಧಿಸಿದ ಮರುದಿನ. ಡಿಸೆಂಬರ್ ೨೦, ಮಧ್ಯಾಹ್ನ ಎರಡು ಗಂಟೆ, ಶಿರಸಿಯ ಮ್ಯಾಜಿಸ್ಟ್ರೇಟರ ಕೋರ್ಟು. ಜಾಮೀನು ಕೊಡುವವರಿದ್ದರೆ ಆರೋಪಿಯನ್ನು ಬಿಡಬಹುದು ಎಂದು ಮ್ಯಾಜಿಸ್ಟ್ರೇಟರು ಹೇಳಿದರು. ಕಮಿಟಿಯ ಅಧ್ಯಕ್ಷರು ಛಾವಣಿ ನೋಡಿದರು. ಊರಿನಿಂದ ಬಂದಿದ್ದ ನಾಲ್ಕು ಮಂದಿ ಬಾಗಿಲ ಹತ್ತಿರ ಸರಿದರು. ಹಿಂದಿನ ಬೆಂಚಿನಿಂದ ಮುರಿಗೆವ್ವ ಎದ್ದು ಬಂದಳು, ಗದ್ದೆಯ ಪಹಣಿ ಪತ್ರ ಸೆರಗಿನಲ್ಲಿ ಸುತ್ತಿಕೊಂಡು.

“ಅಮ್ಮ, ನೀವು ಫಿರ್ಯಾದಿ,” ಎಂದು ಫೌಜದಾರರು ಪಿಸುಗುಟ್ಟಿದರು. “ಫಿರ್ಯಾದಿ ಬಂದು ಆರೋಪಿಗೆ ಜಾಮೀನು ನಿಲ್ಲೂದು ನಾನು ಎಲ್ಲೂ ಕಂಡಿಲ್ಲ.”

“ಈಗ ಕಾಣ್ರಿ,” ಎಂದಳು ಮುರಿಗೆವ್ವ. “ಕಳವು ಮಾಡಿದ್ದು ಖರೆ. ಅದಕ್ಕ ಕೋರ್ಟು ಏನು ಕೊಡತೈತೋ ಕೊಡ್ಲಿ, ನಾ ಅಡ್ಡ ಬರೂದಿಲ್ಲ. ಅಲ್ಲಿ ತನಕ ಹುಡುಗ ಎಲ್ಲಿ ಉಣಬೇಕು?”

ಗುಮಾಸ್ತರಿಗೆ ಕೈ ಬಿಡುವಿರಲಿಲ್ಲ. ಜಾಮೀನು ಪತ್ರ ತುಂಬುವ ಕೆಲಸ ಕೆರಿಯಪ್ಪನ ಪಾಲಿಗೆ ಬಂತು. ಹೆಸರು, ವಯಸ್ಸು, ಊರು, ಜಮೀನಿನ ಸರ್ವೆ ನಂಬರು ಬರೆದ.

“ಆರೋಪಿಗೂ ನಿಮಗೂ ಏನು ಸಂಬಂಧ ಅಮ್ಮ?”

ಮುರಿಗೆವ್ವ ಕಟಕಟೆಯ ಕಡೆ ನೋಡಿದಳು. ಮಧುಕೇಶ್ವರ ತಲೆ ಎತ್ತಲಿಲ್ಲ.

“ತಾಯಿ ಅಂತ ಬರೀರಿ.”

ಕೆರಿಯಪ್ಪ ಬರೆದ. ಮ್ಯಾಜಿಸ್ಟ್ರೇಟರು ಓದಿ, ಕನ್ನಡಕ ತೆಗೆದು ಅವಳನ್ನೊಮ್ಮೆ ನೋಡಿ, ಏನೂ ಕೇಳದೆ ಸಹಿ ಮಾಡಿದರು. ಮುರಿಗೆವ್ವ ಹೆಬ್ಬೆಟ್ಟಿನ ಮಸಿಯನ್ನು ಸೆರಗಿನ ಅಂಚಿಗೆ ಒರೆಸಿಕೊಳ್ಳುತ್ತ ಕಟಕಟೆಯ ಹತ್ತಿರ ಹೋದಳು.

“ನಿನಗ ಬಯ್ಯೂದು ಭಾಳ ಐತಿ, ಮನಿಗೆ ಹೋದ ಮ್ಯಾಲ ಬೈತೀನಿ,” ಎಂದಳು. “ನಡಿ, ಬಸ್ಸು ತಪ್ಪತೈತಿ.”